ಕೆರೆಯಂಚಿನ ಬೆಂಚು: ಹತ್ತು ಪಟ್ಟಿ, ಇಪ್ಪತ್ತು ಬೋಲ್ಟ್

ಕೆಲಸ ಇಷ್ಟು: ಬೀಡು ಕಬ್ಬಿಣದ ಎರಡು ಕಾಲುಚೌಕಟ್ಟು, ಅವುಗಳ ಮೇಲೆ ಹತ್ತು ಮರದ ಪಟ್ಟಿ ಇರುವ ಹಳೇ ಬೆಂಚನ್ನು ಬಿಚ್ಚಿ, ಕುಂಬಾದ, ಅಂದರೆ ಕೊಳೆತು ಹುಡಿಯಾದ, ಮರ ತೆಗೆದು, ಕುಸಿದ ಎತ್ತರ ಸರಿಮಾಡಿ, ಮತ್ತೆ ಕೂರಿಸುವುದು. ಕೆಲಸಕ್ಕೆ ಇಳಿದವರು ನಿವೃತ್ತರು ಐದು ಮಂದಿ. ಬೆಳಿಗ್ಗೆ ಎರಡು ಗಂಟೆ ಮಾತ್ರ, ಕೆಲಸದ ದಿನ ಹತ್ತು. ಕಾಂಕ್ರೀಟು, ಬಣ್ಣ, ಎಣ್ಣೆ ಒಣಗಲು ಕಾದ ದಿನಗಳು ಈ ಲೆಕ್ಕದಲ್ಲಿಲ್ಲ. ಅವಸರ ಮಾಡಿದರೆ ಇದೇ ಕೆಲಸ ಮೂರು ದಿನದ್ದು. ಆದರೆ ಅವಸರದಲ್ಲಿ ಕೆಡುವುದು ಮರದ ತುದಿಗಳು, ಮತ್ತು ಬೆಂಚು ಹಾಳಾಗುವುದು ಅಲ್ಲಿಂದಲೇ.

ದಿನ 1. ಅಳತೆ

ಒಂದು ನಟ್ಟನ್ನೂ ಮುಟ್ಟುವ ಮೊದಲು ಅಳತೆ ಬರೆದುಕೊಂಡಿದ್ದು. ಪಟ್ಟಿಯ ಉದ್ದ 1500 ಮಿ.ಮೀ., ಅಗಲ 62, ದಪ್ಪ 25. ಆಸನಕ್ಕೆ ಆರು ಪಟ್ಟಿ, ಬೆನ್ನಿಗೆ ನಾಲ್ಕು. ಪಟ್ಟಿ ಕೂರಲು ಚೌಕಟ್ಟಿನಿಂದ ಚಾಚಿದ ಕಿವಿಗಳಲ್ಲಿ ತೂತಿನಿಂದ ತೂತಿಗೆ 70 ಮಿ.ಮೀ., ಅಂದರೆ ಪಟ್ಟಿಗಳ ನಡುವೆ 8 ಮಿ.ಮೀ. ಸಂದು. ಆಸನದ ಆಳ 412. ಹಿಂಬದಿ ಮುಂಬದಿಗಿಂತ 25 ಮಿ.ಮೀ. ತಗ್ಗು, ಅಂದರೆ ಮೂರೂವರೆ ಡಿಗ್ರಿ ಇಳಿಜಾರು. ಇವೆಲ್ಲ ಸರಿಯಾಗಿಯೇ ಇದ್ದವು. ಬೆಂಚನ್ನು ಎರಕ ಹೊಯ್ದವರಿಗೆ ಕೆಲಸ ಗೊತ್ತಿತ್ತು.

ತಪ್ಪಿದ್ದದ್ದು ಎತ್ತರ. ನೆಲದಿಂದ ಆಸನದ ಮುಂದಿನ ಅಂಚಿಗೆ 410 ಮಿ.ಮೀ. ಮಾತ್ರ. ಕಾಲಿನ ಪಾದಗಳು ಮಣ್ಣಲ್ಲಿ 30 ಮಿ.ಮೀ. ಹೂತುಹೋಗಿದ್ದವು. ಬೆಂಚು ಚೆನ್ನಾಗಿದೆಯೋ ಇಲ್ಲವೋ ಎಂಬುದು ಏಳುವಾಗಲೇ ಗೊತ್ತಾಗುವುದು. ಆಸನ ತಗ್ಗಿದಷ್ಟೂ ಮಂಡಿ ಹೆಚ್ಚು ಮಡಚುತ್ತದೆ, ತೊಡೆಯ ಸ್ನಾಯು ಹೆಚ್ಚು ಎತ್ತಬೇಕಾಗುತ್ತದೆ. ಮಂಡಿ ಸವೆದವರಿಗೆ 450ರಿಂದ 480 ಮಿ.ಮೀ. ಹಿತ. ತೀರಾ ಕುಳ್ಳಗಿರುವವರಿಗೆ 480ರಲ್ಲಿ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ತೊಡೆಯ ಕೆಳಗೆ ಅಂಚು ಒತ್ತುತ್ತದೆ. ಹಾಗಾಗಿ 460 ಎಂದು ಗುರಿ ಇಟ್ಟಿದ್ದು.

ಲೆಕ್ಕ ಹೀಗೆ: ಈಗಿನ 410, ಹೂತ ಪಾದ ಮೇಲೆತ್ತಿದರೆ 30, ಪಟ್ಟಿಯ ದಪ್ಪ 25ರಿಂದ 30 ಮಾಡಿದರೆ 5, ಪಾದದ ಕೆಳಗಿನ ಕಾಂಕ್ರೀಟು ನೆಲಕ್ಕಿಂತ 15 ಮೇಲೆ. ಒಟ್ಟು 460. ಚೌಕಟ್ಟನ್ನು ಕಡಿಯುವುದೂ ಬೇಡ, ಬೆಸೆಯುವುದೂ ಬೇಡ.

ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ಪಟ್ಟಿಯನ್ನೂ ಗೇಣಿಗೊಂದು ಕಡೆ ಚುಚ್ಚಿ ನೋಡಿದ್ದು. ನಡುವೆ ಎಲ್ಲೂ ಒಂದು ಮಿಲಿಮೀಟರ್ ಇಳಿಯಲಿಲ್ಲ, ಟಣ್ ಎಂದು ಹಿಂದೆ ಪುಟಿಯಿತು. ಅದೇ ಪಟ್ಟಿ ಕಬ್ಬಿಣದ ಕಿವಿಯ ಮೇಲೆ ಕೂತ ಜಾಗದಲ್ಲಿ ತುದಿ 12 ಮಿ.ಮೀ. ಸದ್ದಿಲ್ಲದೆ ಒಳಗೆ ಹೋಯಿತು. ಹೊರತೆಗೆದಾಗ ಅಂಟಿಕೊಂಡು ಬಂದದ್ದು ಒದ್ದೆ ಕಾಫಿಪುಡಿಯಂಥ ಕಂದು ಹುಡಿ. ಮೇಲ್ಮೈಯಲ್ಲಿ ಬಣ್ಣ ಹಾಗೇ ಇತ್ತು. ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟು ಸಂದಿನಲ್ಲಿ ಮಳೆನೀರು ಹೀರಿಕೊಂಡು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಬಿಸಿಲು ಬೀಳುವುದಿಲ್ಲ. ಬೆಂಚಿನ ಮೇಲೆ ಎಷ್ಟು ಬಣ್ಣ ಬಳಿದರೂ ಈ ರೋಗ ವಾಸಿಯಾಗದು.

ದಿನ 2. ಬಿಚ್ಚಿದ್ದು

ಹಿಂದಿನ ಸಂಜೆಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದು. ಆದರೂ ಇಪ್ಪತ್ತರಲ್ಲಿ ಏಳು ಮಾತ್ರ ತಿರುಗಿದವು. ಉಳಿದ ಹದಿಮೂರರಲ್ಲಿ ಬೋಲ್ಟೇ ನಟ್ಟಿನ ಜೊತೆ ಮರದೊಳಗೆ ತಿರುಗತೊಡಗಿತು, ಯಾಕೆಂದರೆ ತಲೆಯ ಕೆಳಗಿನ ಚೌಕ ಹಿಡಿದುಕೊಳ್ಳಬೇಕಿದ್ದ ಮರವೇ ಕುಂಬಾಗಿತ್ತು. ಅವುಗಳ ನಟ್ಟನ್ನು ಗ್ರೈಂಡರಿನಲ್ಲಿ ಸೀಳಿ ತೆಗೆದಾಯಿತು.

ಇಲ್ಲೊಂದು ಅನಾಹುತ. ಉಳಿದ ಬೋಲ್ಟಿನ ತುಂಡನ್ನು ಸುತ್ತಿಗೆಯಿಂದ ಹೊಡೆದು ಇಳಿಸುವಾಗ ಎಡ ಚೌಕಟ್ಟಿನ ಒಂದು ಕಿವಿ ಬಿರುಕು ಬಿಟ್ಟಿತು. ಬೀಡು ಕಬ್ಬಿಣ ಒತ್ತಡ ತಡೆಯುತ್ತದೆ, ಹೊಡೆತ ತಡೆಯುವುದಿಲ್ಲ. ಬಾಗುವ ಬದಲು ಒಡೆಯುತ್ತದೆ. ಹೊಡೆಯುವ ಕಿವಿಯ ಕೆಳಗೆ ತೂತಿನ ಪಕ್ಕಕ್ಕೇ ಗಟ್ಟಿ ಮರದ ದಿಮ್ಮಿ ಆನಿಸಿ, ಪಂಚ್ ಇಟ್ಟು, ಸಣ್ಣ ಸುತ್ತಿಗೆಯಿಂದ ಹಲವು ಸಲ ತಟ್ಟಬೇಕು. ಆಮೇಲಿನ ಹನ್ನೆರಡು ಬೋಲ್ಟು ಹಾಗೆಯೇ ಬಂದವು. ಬಿರುಕಿಗೆ ಸಾದಾ ವೆಲ್ಡಿಂಗ್ ಮಾಡಿಸಲು ಹೋಗಬಾರದು, ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. 5 ಮಿ.ಮೀ. ಉಕ್ಕಿನ ಪಟ್ಟಿಯನ್ನು ಕಿವಿಯ ಕೆಳಗೆ ಇಟ್ಟು ಎರಡು 6 ಮಿ.ಮೀ. ಬೋಲ್ಟಿನಿಂದ ಬಿಗಿದಾಯಿತು. ಚೆಂದಕ್ಕೆ ಕಾಣುವ ಜಾಗವಲ್ಲ.

ಒಂದೊಂದು ಚೌಕಟ್ಟು ಇಪ್ಪತ್ತು ಕಿಲೋ ಮೇಲಿದೆ. ಇಬ್ಬರು ಹಿಡಿದು, ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತುವುದು. ಮಂಡಿ ಬಗ್ಗದವರು ಬಾಗಿಲು ಹಿಡಿಯಲಿ, ಅದೂ ಕೆಲಸವೇ.

ದಿನ 3. ಜಾಗ ಮತ್ತು ಕಾಂಕ್ರೀಟು

ಬೆಂಚು ಹೇಗೂ ಎದ್ದಿದೆ, ಇದ್ದಲ್ಲೇ ಮತ್ತೆ ಕೂರಿಸಬೇಕೇ ಎಂಬ ಪ್ರಶ್ನೆ ಬಂತು. ಹಳೇ ಜಾಗದಲ್ಲಿ ಕೂತರೆ ನೀರಿಗಿಂತ ಹೆಚ್ಚು ಕಾಣುತ್ತಿದ್ದದ್ದು ದಂಡೆಯ ಅಡ್ಡಗೋಡೆ. ಗೋಡೆಯ ಎತ್ತರ 1000 ಮಿ.ಮೀ. 460ರ ಆಸನದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1180ರಲ್ಲಿ ಇರುತ್ತದೆ. ಗೋಡೆ ಕಣ್ಣಿಗಿಂತ 180 ಮಾತ್ರ ತಗ್ಗು. ಗೋಡೆಯಿಂದ ಮೂರು ಮೀಟರ್ ಹಿಂದೆ ಕೂತರೆ ನೋಟದ ಗೆರೆ ಮೀಟರಿಗೆ 60 ಮಿ.ಮೀ. ಇಳಿಯುತ್ತದೆ, ನೀರು ನೆಲದ ಮಟ್ಟದಲ್ಲೇ ಇದ್ದರೂ ಸುಮಾರು 20 ಮೀಟರಿನಿಂದಾಚೆಗೆ ಮಾತ್ರ ಕಾಣುತ್ತದೆ. ದಡದ ಹತ್ತಿರ ಮೇಯುವ ಕೊಕ್ಕರೆ, ನೀರಿನ ಮೇಲೆ ಜಾರುವ ಹುಳು, ಯಾವುದೂ ಇಲ್ಲ. ಒಂದೂವರೆ ಮೀಟರಿಗೆ ಸರಿಸಿದರೆ ಅದೇ ಲೆಕ್ಕ 10 ಮೀಟರಿಗೆ ಇಳಿಯುತ್ತದೆ. ನೋಟ ಬೇಕೆಂದು ಬೆಂಚನ್ನು ಹಿಂದಕ್ಕೆ ಎಳೆಯುವವರೇ ಹೆಚ್ಚು. ಅಡ್ಡಗೋಡೆ ಇರುವಲ್ಲಿ ಮುಂದಕ್ಕೆ ತಳ್ಳಬೇಕು.

ಒಂದೂವರೆ ಮೀಟರಿನಲ್ಲಿ ಕೂತವರ ಪಾದ ಅರುವತ್ತು ಸೆಂಟಿಮೀಟರ್ ಮುಂದೆ ಚಾಚಿದರೂ ಗೋಡೆಗೆ 900 ಮಿ.ಮೀ. ಉಳಿಯುತ್ತದೆ, ಗಾಲಿಕುರ್ಚಿ ಹಾಯಲು ಅಷ್ಟು ಸಾಕು. ಬೆಂಚಿನ ಬಲಕ್ಕೆ 900 ಅಗಲ, 1200 ಉದ್ದದ ಸಮತಟ್ಟು ಜಾಗ ಖಾಲಿ ಬಿಟ್ಟಿದ್ದು. ಗಾಲಿಕುರ್ಚಿಯಲ್ಲಿ ಬಂದವರು ಮಾತಿನ ಸಾಲಿನಲ್ಲೇ ಇರಬೇಕು, ದಾರಿಯಲ್ಲಲ್ಲ. ಬೆಂಚಿನ ಮುಖವನ್ನು ನೇರ ಪಡುವಣಕ್ಕೆ ಇಡದೆ ಉತ್ತರಕ್ಕೆ ಮೂವತ್ತು ಡಿಗ್ರಿಯಷ್ಟು ಹೊರಳಿಸಿದ್ದು. ವಯಸ್ಸಾದ ಕಣ್ಣಿನ ಮಸೂರದಲ್ಲಿ ಬೆಳಕು ಚದುರುತ್ತದೆ, ಮುಳುಗುವ ಸೂರ್ಯ ನೇರ ಎದುರಿಗಿದ್ದರೆ ಪಕ್ಕದವರ ಮುಖವೂ ಕಾಣದು. ಮುಂದೆ ಎರಡನೇ ಬೆಂಚು ಹಾಕುವುದಾದರೆ ಇದರ ಸಾಲಿಗೆ ಬೇಡ, ಮೂಲೆ ಮಾಡಿ ಹಾಕಬೇಕು. ಕಿವಿ ಮಂದವಾದವರಿಗೆ ಎದುರಿನವರ ತುಟಿ ಕಾಣುವುದು ಅರ್ಧ ಕೇಳಿಸಿದ ಹಾಗೆ.

ಕಾಂಕ್ರೀಟಿಗೆ ಎರಡು ಗುಂಡಿ, ಒಂದೊಂದೂ 600 ಉದ್ದ, 150 ಅಗಲ, ಆಳ ಮತ್ತು ಮೇಲೆ ಬರುವ ಭಾಗ ಸೇರಿ 150. ಎರಡಕ್ಕೂ ಸೇರಿ 6 ಲೀಟರ್ ಸಿಮೆಂಟ್, 12 ಲೀಟರ್ ಮರಳು, 24 ಲೀಟರ್ 20 ಮಿ.ಮೀ. ಜಲ್ಲಿ. ನೀರು ಕೈಗೆ ಹದ ಸಿಗುವಷ್ಟೇ. ತೆಳುವಾದರೆ ಜಲ್ಲಿ ಕೆಳಗಿಳಿದು ಮೇಲ್ಭಾಗ ಹುಡಿಯಾಗುತ್ತದೆ. ಉದ್ದನೆಯ ನೇರ ಹಲಗೆಯನ್ನು ಎರಡರ ಮೇಲೂ ಅಡ್ಡ ಇಟ್ಟು ರಸಮಟ್ಟ ನೋಡಿದ್ದು. ನೆಲದಿಂದ ಮೇಲೆದ್ದ 15 ಮಿ.ಮೀ. ಅಂಚನ್ನು ಕರಣೆಯಿಂದ ಇಳಿಜಾರು ಮಾಡದಿದ್ದರೆ ಕಾಲು ಎಳೆದು ನಡೆಯುವವರು ಅಲ್ಲೇ ಎಡವುತ್ತಾರೆ. ಒದ್ದೆ ಗೋಣಿ ಹೊದಿಸಿ ಏಳು ದಿನ ನೀರುಣಿಸಿದ್ದು.

ದಿನ 4. ಕಬ್ಬಿಣ

ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಿಲ್ಲ. ನೀರು ಚಿಮುಕಿಸಿ ಕೆರೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ಬಿದ್ದ ಚೂರುಗಳನ್ನು ಕಾಗದದ ಮೇಲೆ ಹಿಡಿದು ಕಟ್ಟಿಟ್ಟಿದ್ದು. ಒಣಗಿದ ಕೂಡಲೇ, ಅದೇ ದಿನ, ಜಿಂಕ್ ಫಾಸ್ಫೇಟ್ ಪ್ರೈಮರ್ ಒಂದು ಕೋಟು. ರಾತ್ರಿ ಬಿಟ್ಟರೆ ಬೆಳಗಿನ ಇಬ್ಬನಿಗೇ ಹೊಸ ತುಕ್ಕಿನ ಕೆಂಪು ಏಳುತ್ತದೆ. ಆಮೇಲೆ ದಿನಕ್ಕೊಂದರಂತೆ ಮತ್ತೊಂದು ಪ್ರೈಮರ್, ಎರಡು ಎನಾಮಲ್. ಕಿವಿಯ ಮೇಲ್ಮೈ ಮತ್ತು ತೂತಿನ ಒಳಗೋಡೆಗೆ ಸಣ್ಣ ಬ್ರಷ್ಷು.

ದಿನ 5, 6. ಮರ

ತೇಗದ ಚೇಗು. ಹೊರಗಿನ ಬಿಳಿ ಭಾಗ ಒಂದು ಬೆರಳಗಲ ಇದ್ದರೂ ಆ ತುಂಡು ಬೇಡ, ಹುಳಕ್ಕೂ ಕುಂಬಿಗೂ ಅದೇ ಮೊದಲ ತುತ್ತು. 1500 × 62 × 30ರ ಹತ್ತು ಪಟ್ಟಿಗೆ ನಿವ್ವಳ 0.028 ಘನ ಮೀಟರ್. ಕೊಯ್ತ, ಕೀಸಿದ್ದು ಸೇರಿ ಐದನೇ ಒಂದು ಭಾಗ ಹೆಚ್ಚು ಹಿಡಿದರೆ ಸುಮಾರು 1.2 ಘನ ಅಡಿ. ಕೈಯಾಸರೆಗೆ ಬೇಕಾದ ಎರಡು ತುಂಡು ಬೇರೆ.

ದಪ್ಪ 5 ಮಿ.ಮೀ. ಹೆಚ್ಚಿಸಿದ್ದು ಎತ್ತರಕ್ಕಷ್ಟೇ ಅಲ್ಲ. ಪಟ್ಟಿಯ ಬಿಗುವು ದಪ್ಪದ ಮೂರನೇ ಘಾತದಂತೆ ಏರುತ್ತದೆ, 25ರಿಂದ 30ಕ್ಕೆ ಹೋದರೆ ಒಂದೂಮುಕ್ಕಾಲು ಪಟ್ಟು. ಹಳೇ ಬೆಂಚಿನಲ್ಲಿ ಮೂವರು ಕೂತರೆ ನಡುವಿನವರು ಕೆಳಗಿಳಿಯುತ್ತಿದ್ದದ್ದು ಇದಕ್ಕೇ.

ಕೀಸುಳಿ ಹಿಡಿದು ನಾಲ್ಕೂ ಮೈ ನಯ ಮಾಡಿ, ಅಂಚುಗಳನ್ನು 3 ಮಿ.ಮೀ. ಗುಂಡಗೆ ಮಾಡಿದ್ದು. ಆಸನದ ಮೊದಲ ಪಟ್ಟಿಯ ಮುಂದಿನ ಅಂಚು ಮಾತ್ರ 8 ಮಿ.ಮೀ. ಗುಂಡು, ಮಂಡಿಯ ಹಿಂಭಾಗ ತಾಗುವುದು ಅಲ್ಲಿ. ಸ್ಯಾಂಡ್‌ಪೇಪರ್ 80 ನಂಬರು, ಆಮೇಲೆ ಇನ್ನೂ ನಯದ 120. ಅಲ್ಲಿಗೆ ನಿಲ್ಲಿಸಬೇಕು. ಕನ್ನಡಿಯಂತೆ ಹೊಳೆಯಲಿ ಎಂದು 240ಕ್ಕೆ ಹೋದರೆ ಎಣ್ಣೆ ಅಷ್ಟಾಗಿ ಒಳಗಿಳಿಯುವುದಿಲ್ಲ. ಕೈ ನಡುಗುವವರಿಗೆ ಈ ಕೆಲಸವೇ ಒಳ್ಳೆಯದು: ಮೇಜಿಗೆ ಎರಡು ಅಡ್ಡ ತುಂಡು ಬಡಿದು ಪಟ್ಟಿಯನ್ನು ಅವುಗಳ ನಡುವೆ ಸಿಕ್ಕಿಸಿದರೆ ಹಿಡಿದುಕೊಳ್ಳುವ ಗೋಜಿಲ್ಲ, ಕೂತುಕೊಂಡೇ ಉಜ್ಜಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಉಳಿ, ಕೀಸುಳಿ ಕೊಡಲಿಲ್ಲ. ತೇಗದ ಹುಡಿ ಮೂಗು, ಚರ್ಮ ಎರಡಕ್ಕೂ ಉರಿ ತರುತ್ತದೆ, ಎನ್95 ಮಾಸ್ಕು ಎಲ್ಲರಿಗೂ.

ದಿನ 7. ತೂತು

ಟೇಪಿನಿಂದ ಅಳೆದು ತೂತು ಗುರುತಿಸಿದ ಮೊದಲ ಪಟ್ಟಿ ಕೂರಲಿಲ್ಲ, 4 ಮಿ.ಮೀ. ತಪ್ಪಿತು. ಎರಕದ ಚೌಕಟ್ಟುಗಳು ಅವಳಿಗಳಲ್ಲ. ಎಡದ ಕಿವಿಗಳ ತೂತಿಗೂ ಬಲದ್ದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಚೌಕಟ್ಟುಗಳನ್ನು ಅವುಗಳ ನಡುವಿನ ಕಬ್ಬಿಣದ ಸರಳು ಹಾಕಿ ನಿಲ್ಲಿಸಿ, ಪಟ್ಟಿಗಳನ್ನು ಸಾಲಾಗಿ ಇಟ್ಟು, 8 ಮಿ.ಮೀ. ಮರದ ಚಕ್ಕೆ ಸಂದಿಗೆ ಸಿಕ್ಕಿಸಿ, ಕಿವಿಯ ಕೆಳಗಿನಿಂದಲೇ ತೂತಿನ ಮೂಲಕ ಪೆನ್ಸಿಲ್ ಹಾಯಿಸಿ ಗುರುತು ಮಾಡುವುದು ಸರಿ. ಪ್ರತಿ ಪಟ್ಟಿಯ ಅಡಿಗೆ ಎಡ ತುದಿಯಲ್ಲಿ ಸಂಖ್ಯೆ ಬರೆದಿಟ್ಟಿದ್ದು.

ಬೋಲ್ಟು 8 ಮಿ.ಮೀ. ಸ್ಟೇನ್‌ಲೆಸ್, ತಲೆ ಗುಮ್ಮಟದಂತಿದ್ದು ಕೆಳಗೆ ಚೌಕ ಕತ್ತು ಇರುವ ಬಗೆ, ಉದ್ದ 60. ಮರ 30, ಮರ ಕಬ್ಬಿಣಕ್ಕೆ ತಾಗದಂತೆ ಅದರ ಕೆಳಗೆ ಇಡುವ ರಬ್ಬರ್ ವಾಷರ್ 3, ಕಿವಿ 10, ಉಕ್ಕಿನ ವಾಷರ್ 2, ನೈಲಾನ್ ಉಂಗುರದ ನಟ್ 8, ಸೇರಿ 53, ಉಳಿದದ್ದು ಸಾಕು. ತೂತು 8.5 ಮಿ.ಮೀ., ತುದಿಯಿಂದ 75 ಒಳಗೆ. ಕತ್ತಿನ ಚೌಕವನ್ನು ತೇಗಕ್ಕೆ ಸುತ್ತಿಗೆಯಿಂದ ಬಡಿದು ಇಳಿಸಿದರೆ ಸೀಳುವ ಭಯ ಇದೆ. ತೂತಿನ ನಾಲ್ಕು ಮೂಲೆಯನ್ನು 6 ಮಿ.ಮೀ. ಉಳಿಯಿಂದ ಒಂದಿಷ್ಟು ಕೆತ್ತಿದರೆ ತಾನೇ ಕೂರುತ್ತದೆ. ಸಾದಾ ಕಬ್ಬಿಣದ ಬೋಲ್ಟು ಹಾಕಿದರೆ ಮರದ ಒಗರಿಗೆ ಕೂಡಿ ಕಪ್ಪು ಕಲೆ ಹರಡುತ್ತದೆ. ಸಮುದ್ರದ ಗಾಳಿ ಇರುವಲ್ಲಿ 304 ದರ್ಜೆಯ ಸ್ಟೇನ್‌ಲೆಸ್ಸಿಗೂ ತುಕ್ಕಿನ ಚುಕ್ಕೆ ಬರುತ್ತದೆ, 316 ಬೇಕು. ಡ್ರಿಲ್ ತಿರುಗುವಾಗ ಕೈಗವಸು ಬೇಡ, ಬಟ್ಟೆ ಸುತ್ತಿಕೊಂಡರೆ ಬೆರಳೂ ಹೋಗುತ್ತದೆ.

ದಿನ 8. ಎಣ್ಣೆ

ವಾರ್ನಿಷ್ ಬೇಡ ಎಂದು ತೀರ್ಮಾನ. ಹೊರಗಿನ ಬಿಸಿಲಿಗೆ ಅದರ ಪೊರೆ ಬಿರಿಯುತ್ತದೆ, ಬಿರುಕಲ್ಲಿ ನುಗ್ಗಿದ ನೀರು ಹೊರಬರುವುದಿಲ್ಲ, ಮತ್ತೆ ಬಳಿಯಬೇಕಾದರೆ ಎಲ್ಲವನ್ನೂ ಕೆರೆಯಬೇಕು. ಎಣ್ಣೆ ಬೇಗ ಸವೆಯುತ್ತದೆ ನಿಜ, ಆದರೆ ಅದರ ಮೇಲೆ ಇನ್ನೊಂದು ಕೈ ಒರೆಸಿದರೆ ಮುಗಿಯಿತು. ಟಂಗ್ ಮರದ ಬೀಜದ ಎಣ್ಣೆ ಒಂದು ಲೀಟರ್ ತಂದರೆ ಹತ್ತು ಪಟ್ಟಿಯ ಎರಡೂಮುಕ್ಕಾಲು ಚದರ ಮೀಟರಿಗೆ ಮೂರು ಕೋಟು ಆಗುತ್ತದೆ. ಮೊದಲನೆಯದು ಟರ್ಪೆಂಟೈನ್ ಸಮಪಾಲು ಬೆರೆಸಿದ್ದು. ಕೊಯ್ದ ತುದಿಗಳನ್ನು ಎಣ್ಣೆಯ ತಟ್ಟೆಯಲ್ಲೇ ಹತ್ತು ನಿಮಿಷ ನಿಲ್ಲಿಸಿದ್ದು, ಬೋಲ್ಟಿನ ತೂತಿನೊಳಗೆ ಬಾಟಲಿ ತೊಳೆಯುವ ಸಣ್ಣ ಬ್ರಷ್ಷಿನಿಂದ ಬಳಿದದ್ದು. ಮರ ನೀರು ಕುಡಿಯುವುದು ಮೈಯಿಂದಲ್ಲ, ಈ ಬಾಯಿಗಳಿಂದ.

ಬಳಿದ ಇಪ್ಪತ್ತು ನಿಮಿಷಕ್ಕೆ ಹೀರದೆ ಉಳಿದದ್ದನ್ನು ಒರೆಸಿಬಿಡಬೇಕು. ಎರಡು ಪಟ್ಟಿ ಮಾತಿನ ಭರದಲ್ಲಿ ಮರೆತುಹೋಗಿ ಮರುದಿನ ಅಂಟಂಟಾಗಿ ಸಿಕ್ಕವು. ಟರ್ಪೆಂಟೈನ್ ಅದ್ದಿದ ಒರಟು ಬಟ್ಟೆಯಿಂದ ಉಜ್ಜಿ ತೆಗೆಯಬೇಕಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಒಳಗೇ ಬಿಸಿ ಏರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಒಂದೊಂದನ್ನೇ ಹರವಿ ಒಣಗಿಸಿ, ಆಮೇಲೆ ಕಸಕ್ಕೆ.

ದಿನ 9. ಜೋಡಣೆ

ಮೊದಲು ಆಸನದ ಮುಂದಿನ, ಹಿಂದಿನ ಪಟ್ಟಿ, ಬೆನ್ನಿನ ಮೇಲಿನ ಪಟ್ಟಿ, ಮೂರೇ, ನಟ್ಟು ಸಡಿಲವಾಗಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ವ್ಯತ್ಯಾಸ 3 ಮಿ.ಮೀ. ಒಳಗೆ ಬರುವತನಕ ಚೌಕಟ್ಟನ್ನು ತಟ್ಟಿ ಸರಿಪಡಿಸಿ, ಆಮೇಲೆ ಉಳಿದವು. ಬೋಲ್ಟಿನ ಮರೆಗೆ, ಅಂದರೆ ಸುರುಳಿ ಗೆರೆಗೆ, ಮೇಣ ಹಚ್ಚದಿದ್ದರೆ ಸ್ಟೇನ್‌ಲೆಸ್ ನಟ್ ಅರ್ಧದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಹಿಂದಕ್ಕೂ ಬಾರದು. ಆಸನದ ಅಡಿಗೆ ನಡುವೆ 400 × 40 × 25ರ ಅಡ್ಡಪಟ್ಟಿ, ಪ್ರತಿ ಪಟ್ಟಿಗೆ ಒಂದೇ ಸ್ಕ್ರೂ. ಎರಡು ಹಾಕಿದರೆ ಮಳೆಗಾಲದಲ್ಲಿ ಉಬ್ಬುವ ಮರಕ್ಕೆ ಜಾಗವಿಲ್ಲದೆ ಸೀಳುತ್ತದೆ. 5 ಮಿ.ಮೀ. ಸ್ಕ್ರೂವಿಗೆ 3.5ರ ತೂತು, ಡ್ರಿಲ್ ಬಿಟ್ಟಿಗೆ 43 ಮಿ.ಮೀ.ನಲ್ಲಿ ಟೇಪು ಸುತ್ತಿ. ಇಲ್ಲವಾದರೆ ಆಸನದ ಮೇಲೆ ತೂತು ಇಣುಕುತ್ತದೆ.

ದಿನ 10. ಕೈಯಾಸರೆ

ಚೌಕಟ್ಟಿನ ಕಬ್ಬಿಣದ ಕೈ ಹೊಸ ಆಸನದಿಂದ 185 ಮಿ.ಮೀ. ಎತ್ತರ. 30 ಮಿ.ಮೀ. ಮರ ಹಾಕಿದ ಮೇಲೆ 215. ಏಳುವಾಗ ಊರಿ ಒತ್ತಲು 200ರಿಂದ 230 ಹದ. ಬಿಸಿಲಿಗೆ ಕಾದ ಕಬ್ಬಿಣ ಮುಟ್ಟುವ ಕಷ್ಟವೂ ತಪ್ಪಿತು. ತುದಿ ಆಸನದ ಮುಂದಿನ ಅಂಚಿಗೆ ಸಮ ಬರಬೇಕು. ಹಿಂದೆಯೇ ನಿಂತರೆ ಕೈ ಬೆನ್ನ ಹಿಂದೆ ಉಳಿದು ಬಲ ಬರುವುದಿಲ್ಲ. ಆಸನದ ಅಡಿ ಖಾಲಿಯಾಗಿಯೇ ಇರಲಿ. ಏಳುವ ಮುನ್ನ ಹಿಮ್ಮಡಿಯನ್ನು ಒಳಕ್ಕೆ ಎಳೆದುಕೊಳ್ಳಬೇಕು, ಅಲ್ಲಿ ಹಲಗೆಯೋ ಪೆಟ್ಟಿಗೆಯೋ ಇದ್ದರೆ ಏಳಲಾಗದು.

ಹಳೇ ಪಟ್ಟಿಗಳ ಕುಂಬಾದ ತುದಿ ಕಡಿದ ಮೇಲೆ ಒಂದೊಂದರಲ್ಲೂ 1100 ಮಿ.ಮೀ. ಗಟ್ಟಿ ಮರ ಉಳಿಯಿತು. ಅದರಲ್ಲೊಂದು ತುಂಡಿನಿಂದ ಊರುಗೋಲಿಗೆ ಆಸರೆ: 120 × 60ರ ಚಕ್ಕೆಗೆ 30 ಮಿ.ಮೀ. ಅಗಲದ ಕಚ್ಚು ಕೊಯ್ದು ಕೈಯಾಸರೆಯ ಹೊರಮಗ್ಗುಲಿಗೆ ಬಿಗಿದದ್ದು. ಕೋಲು ಜಾರಿ ಬಿದ್ದರೆ ಎತ್ತಲು ಬಗ್ಗುವುದೇ ದೊಡ್ಡ ಕೆಲಸ. ಒಬ್ಬರ ಕೋಲಿಗೆ ರಬ್ಬರ್ ಹಿಡಿ ಇದ್ದು ಕಚ್ಚಿಗೆ ಹೊಗಲಿಲ್ಲ, ಅರದಿಂದ ಉಜ್ಜಿ 34 ಮಾಡಿದ್ದು.

ಕಾಂಕ್ರೀಟಿಗೆ 10 ಮಿ.ಮೀ. ಆಂಕರ್ ಬೋಲ್ಟು ನಾಲ್ಕು ಹೊಡೆದು ಪಾದಗಳನ್ನು ಬಿಗಿದಾಯಿತು. ಐವರೂ ಸರದಿಯಲ್ಲಿ ಕೂತು ಎದ್ದರು. ಮಂಡಿಯ ಹಿಂದೆ ಎರಡು ಬೆರಳು ಹೋಗುವಷ್ಟು ಸಂದು ಎಲ್ಲರಿಗೂ ಸಿಕ್ಕಿತು. ಮೂವರು ಒಟ್ಟಿಗೆ ಕೂತಾಗ ನಡುವಿನವರಿಗೆ ಕೈಯಾಸರೆ ಇಲ್ಲ ಎಂಬ ಕೊರತೆ ಉಳಿದಿದೆ. ನಡುವೆ ಒಂದು ಹಾಕಿದರೆ ಬೆಂಚು ಇಬ್ಬರದಾಗುತ್ತದೆ. ಸದ್ಯ ಮಂಡಿ ನೋವಿನವರಿಗೆ ತುದಿ ಎಂದು ಒಪ್ಪಂದ.

ಎರಡು ವಾರದ ನಂತರ

ಮರ ಅದುಮಿಕೊಂಡಿತ್ತು. ಇಪ್ಪತ್ತರಲ್ಲಿ ಒಂಬತ್ತು ನಟ್ಟು ಕಾಲು ಸುತ್ತು ತಿರುಗಿದವು. ಒಂದು ಬಿಂದಿಗೆ ನೀರನ್ನು ಆಸನದ ಮೇಲೆ ಹೊಯ್ದು ಗಂಟೆ ಬಿಟ್ಟು ನೋಡಿದಾಗ ಎಲ್ಲ ಕಿವಿಗಳೂ ಒಣಗಿದ್ದವು, ಎರಡನೇ ಪಟ್ಟಿಯ ಎಡ ತುದಿಯದ್ದೊಂದು ಬಿಟ್ಟು. ಬೋಲ್ಟು ಬಿಚ್ಚಿದರೆ ಅಲ್ಲಿ ರಬ್ಬರ್ ವಾಷರೇ ಇರಲಿಲ್ಲ. ಅದು ಮೇಜಿನ ಖಾನೆಯಲ್ಲಿ ಸಿಕ್ಕಿತು, ಹಾಕಿ ಬಿಗಿದಾಯಿತು.